ಹದಿನೇಳನೇ ನಂಬರಿನ ಹಾಜರಿ

ಮೇಲಿನ ಸಾಲು ಸ್ವಂತದ್ದಲ್ಲ, ಕೆಳಗಿನದು ಸ್ವಂತದ್ದು, ಆದರೆ ಅದರ ಆಯಸ್ಸೂ ಮುಗಿಯುತ್ತ ಬಂದಿದೆ — ಎದುರು ಕುರ್ಚಿಯಲ್ಲಿ ನಗುತ್ತಿರುವ ಬಕ್ಕತಲೆಯ ಬಾಯಿಯನ್ನು ಅವನು ಅಳೆಯುತ್ತಿದ್ದಾನೆ, ಮುಖವನ್ನಿನ್ನೂ ನೋಡಿಲ್ಲ, ಐವತ್ತನಾಲ್ಕು ವರ್ಷ ಅಚ್ಚಿನಲ್ಲಿ ಬಂದ ಬಾಯಿಗಳನ್ನೇ ನೋಡಿ, ತುಟಿಯಿಲ್ಲದ, ಮಾತಿಲ್ಲದ, ಚಾಡಿ ಹೇಳಲಾರದ ಪ್ಲಾಸ್ಟರಿನ ದವಡೆಗಳನ್ನೇ ನೋಡಿ, ಮುಖ ನೋಡುವ ರೂಢಿ ತಪ್ಪಿಹೋಗಿದೆ, ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ಅವನು ಹಲ್ಲು ಕಟ್ಟಿ ವಾಪಸು ಕಳಿಸುತ್ತಾನೆ, ಅದರಲ್ಲಿ ಯಾರು ಅಗಿದರೋ ಯಾರು ನಕ್ಕರೋ ಅವನಿಗೇನು. ಒಂದು, ಎಂದು ಕೂಗಿದಳು ಮಾನಿಟರು, ಆಗಲೂ ಅವಳೇ ಕ್ಲಾಸಿನ ಮಾನಿಟರು, ಈಗಲೂ ಅವಳೇ. ಹಾಜರ್. ಎರಡು. ಹಾಜರ್. ಮೂರು — ಎಲ್ಲರೂ ಒಟ್ಟಿಗೆ, ರಜೆ! ಎಂದರು, ಒಬ್ಬಿಬ್ಬರು ನಕ್ಕರು ಕೂಡ, ಸತ್ತವರಿಗೆ ಇಲ್ಲಿ ಹಾಗನ್ನುತ್ತಾರಂತೆ, ಅವನನ್ನು ಇಲ್ಲಿಗೆ ಕರೆದ ಹಳೇ ಸಹಪಾಠಿ ಗಿಲಕಿ ಮೊದಲೇ ಹೇಳಿದ್ದಳು, ಬೆಚ್ಚಿಬೀಳ್ಬೇಡ ಕಣೋ, ಅಳೋರು ಮನೇಲೇ ಅತ್ಕೊಂಡು ಬಂದಿರ್ತಾರೆ. ವಾಚನಾಲಯದ ಮಹಡಿ, ಕಿಟಕಿಯ ಹತ್ತಿರ ಟೀ ಫ್ಲಾಸ್ಕು, ಪೇಪರ್ ಲೋಟ, ಅರ್ಧವೃತ್ತವಾಗಿ ಹಾಕಿದ ಇಪ್ಪತ್ತೆರಡು ಕುರ್ಚಿ, ಎಲ್ಲರಿಗೂ ಅರವತ್ತೊಂಬತ್ತು, ಆಚೆ ಈಚೆ ಒಂದು, ಎಲ್ಲರೂ ಒಂದೇ ಕ್ಲಾಸು — ಎಲ್ಲರೂ ಅಂದರೆ ಅವನನ್ನು ಬಿಟ್ಟು, ಹತ್ತನೇ ಕ್ಲಾಸನ್ನು ನಡುವರ್ಷಕ್ಕೇ ಬಿಟ್ಟುಹೋದವನು ಯಾವ ಸೀಮೆಯ ಸಹಪಾಠಿ. ನಾಲ್ಕು. ಹಾಜರ್, ಈ ಹಲ್ಲಿನ ಸೆಟ್ಟು ಸಡಿಲ, ಜ ಅನ್ನುವಾಗ ಟಕ್ಕೆಂದಿತು.

ಬರಬಾರದಿತ್ತು. ಬುಧವಾರ ಆ ಹೆಂಗಸು ವರ್ಕ್‌ಶಾಪಿನ ಬಾಗಿಲು ತಳ್ಳಿಕೊಂಡು ಬಂದಾಗಲೇ, ಡಾಕ್ಟರ ಹತ್ತಿರ ಹೋಗಿ, ಅಂದುಬಿಡಬಹುದಿತ್ತು, ಅಂದ ಕೂಡ, ಡಾಕ್ಟರೇ ಕಳ್ಸಿದ್ದು ಸ್ವಾಮಿ, ನಾಲ್ಕು ಸಲ ಉಜ್ಜಿ ಸುಸ್ತಾದ್ರು, ಇನ್ನೂ ಸಿಳ್ಳೆ ಹೊಡೆಯತ್ತೆ, ನೀವು ಮಾಡಿದ್ದನ್ನ ನೀವೇ ಸರಿ ಮಾಡಿ ಅಂದಳು, ಸ ಬಂದಲ್ಲೆಲ್ಲ ಸಿಳ್ಳೆ, ಕುಕ್ಕರು ಕೂಗಿದ ಹಾಗೆ. ಬಾಯಿ ತೆಗೀರಿ. ತೆಗೆದಳು. ಸೊಸೆ ಸಾಸಿವೆ ಸೋಸಿದಳು, ಅನ್ನಿ. ನಂಗೆ ಸೊಸೆ ಇಲ್ಲ, ಅಂದಳು, ಸಿಳ್ಳೆ, ಆಮೇಲೆ ಕನ್ನಡಕ ಏರಿಸಿ, ಬಗ್ಗಿ, ಅವನ ಮುಖವನ್ನು ದಿಟ್ಟಿಸಿ, ಸೀಮೆಸುಣ್ಣ ಅಲ್ವೇನೋ ನೀನು — ಎರಡು ಸಿಳ್ಳೆ. ಶಾಲೆಯಲ್ಲಿ ಮೈಬಣ್ಣ ನೋಡಿ ಇಟ್ಟ ಹೆಸರು, ಈಗ ಕಣ್ರೆಪ್ಪೆಯ ಮೇಲೂ ಬಿಳಿ ಪುಡಿ, ಇಟ್ಟವರು ತ್ರಿಕಾಲಜ್ಞಾನಿಗಳು. ಸೆಟ್ಟು ಬಿಚ್ಚಿ ಅವನ ಕೈಗಿತ್ತು ಬೋಳುಬಾಯಲ್ಲೇ ಅರ್ಧ ಗಂಟೆ ಮಾತಾಡಿದಳು, ಕ್ಲಾಸಿನ ವಾಚಾಳಿ, ಹಲ್ಲು ಹೋದರೂ ಗಿಲಕಿ ಗಿಲಕಿಯೇ, ಪ್ರತಿ ತಿಂಗಳ ಮೊದಲ ಭಾನುವಾರ ಸೇರ್ತೀವಿ, ಹನ್ನೊಂದು ವರ್ಷ ಆಯ್ತು, ಹಳೇ ನಂಬರಿನಲ್ಲೇ ಹಾಜರಿ, ಮಾನಿಟರು ಸೈಕಲ್ ಕಲೀತಿದ್ದಾಳೆ, ಬಿದ್ದು ಮೊಣಕೈ ಕೆತ್ತಿಕೊಂಡು ಮತ್ತೆ ಹತ್ತಿದ್ದಾಳೆ, ಒಂಬತ್ತನೇ ನಂಬರಿನವನು ಹೋದ ತಿಂಗಳು ಮದುವೆಯಾದ, ಹೌದು ಕಣೋ, ಅರಳು ಮರಳು ಅನ್ನೋರು ಅಂದ್ಕೊಳ್ಳಲಿ — ಅಂದ ಹಾಗೆ ಈ ಸೆಟ್ಟು ಎಷ್ಟು ವರ್ಷ ಬರತ್ತೆ? ಏಳೆಂಟು. ಅಷ್ಟೇನಾ! ಆಮೇಲಿಂದೂ ನೀನೇ ಮಾಡ್ಕೊಡ್ಬೇಕು. ತಪ್ಪು ಅವನದೇ, ಮುಂದಿನ ಹಲ್ಲೊಂದು ಕೂದಲೆಳೆಯಷ್ಟು ಓರೆ, ಈಚೆಗೆ ಕೈ ನಡುಗುತ್ತದೆ, ಅಪ್ಪಾ, ದುಡಿದಿದ್ದು ಸಾಕು ಅನ್ನುತ್ತಾಳೆ ಮಗಳು, ತಿಂಗಳ ಕೊನೆಗೆ ಬಾಗಿಲು ಹಾಕುವುದೆಂದು ಅವನೂ ಒಪ್ಪಿದ್ದ, ಇವಳು ನೋಡಿದರೆ ಎಪ್ಪತ್ತೇಳಕ್ಕೆ ಬೇಕಾದ ಹಲ್ಲಿಗೆ ಈಗಲೇ ಆರ್ಡರು ಕೊಡುತ್ತಿದ್ದಾಳೆ. ಗುರುವಾರ ಅವನು ಪ್ಲಾಸ್ಟರಿನ ಹೊಸ ಚೀಲ ತರಿಸಿದ. ಇದ್ಯಾಕಪ್ಪಾ, ಅಂದಳು ಮಗಳು. ಬೇಕಾಗತ್ತೆ, ಅಂದ, ಅಷ್ಟೇ.

ಒಂಬತ್ತು. ಹಾಜರ್! ಹೊಸ ಮದುವಣಿಗನಿಗೆ ಚಪ್ಪಾಳೆ. ಅದರ ನಡುವೆಯೇ ಬಾಗಿಲು ತೆರೆದು ಉದ್ದನೆಯ ಮನುಷ್ಯನೊಬ್ಬ ಬಗ್ಗಿ ಒಳಗೆ ಬಂದು ಆ ತುದಿಯ ಕುರ್ಚಿಯಲ್ಲಿ ಕುಳಿತ, ಕುತ್ತಿಗೆಗೆ ನೀಲಿ ಬಟ್ಟೆ ಸುತ್ತಿದೆ, ಜಿರಾಫೆ, ಕುತ್ತಿಗೆಯಿಂದಲೇ ಹೆಸರು ಪಡೆದವನಿಗೆ ಕುತ್ತಿಗೆಗೇ ರೋಗ ಬಂತು, ಬುಧವಾರ ಇದನ್ನು ಹೇಳುವಾಗ ಮಾತ್ರ ಗಿಲಕಿಯ ಮಾತು ನಿಧಾನವಾಗಿತ್ತು, ದನಿಪೆಟ್ಟಿಗೇನೇ ತೆಗೆದುಬಿಟ್ರು ಕಣೋ. ಆಗ ಅವನಿಗೂ ಜಿರಾಫೆಗೂ ಒಂದೇ ಬೆಂಚು, ಒಂದೇ ಮಸಿ ಬಾಟಲಿ. ಭೂಗೋಳದ ಪಾಠ ನಡೆಯುತ್ತಿದ್ದಾಗ ಸೋದರಮಾವ ಬಾಗಿಲಲ್ಲಿ ಬಂದು ನಿಂತಿದ್ದ, ನಿಮ್ಮಪ್ಪ ಹೋದ್ರು, ಚೀಲ ತಗೊಂಡು ಬಾ, ಹದಿನೈದು ದಿನಕ್ಕೆ ಮಾವನ ವರ್ಕ್‌ಶಾಪು, ಅಚ್ಚು ತೊಳೆಯುವ ಕೆಲಸ, ಒಂದು ಸಂಜೆ ಕಿಟಕಿಯಾಚೆ ಯೂನಿಫಾರ್ಮಿನ ಗುಂಪು ನಗುತ್ತ ಹೋದದ್ದು, ಅವನು ತೊಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತದ್ದು, ಅವರು ತನ್ನನ್ನು ಮರೆತರೆಂದು ತೀರ್ಮಾನಿಸಿದ್ದು, ತೀರ್ಮಾನ ಒಮ್ಮೆ ಗಟ್ಟಿಯಾದ ಮೇಲೆ ಪ್ಲಾಸ್ಟರಿನ ಹಾಗೆ, ಮತ್ತೆ ನೀರು ಹಾಕಿದರೆ ಮೆತ್ತಗಾಗುವುದಿಲ್ಲ. ಮರೆಯೋದಾ, ಅಂದಿದ್ದಳು ಗಿಲಕಿ, ನೀನು ಹೋದ ಮೇಲೂ ಒಂದು ತಿಂಗಳು ನಿನ್ನ ಹಾಜರಿ ಬಿದ್ದಿದೆ, ಗೊತ್ತಾ, ನಿನ್ನ ಕೀರಲು ದನಿ ತೆಗೆದು ಜಿರಾಫೆ ಕೂಗ್ತಿದ್ದ, ಹೆಸರು ಹೊಡೆದುಹಾಕಿದ್ರೆ ವಾಪಸ್ ಸೇರಿಸ್ಕೊಳ್ಳಲ್ಲ ಅಂತ, ಸಿಕ್ಕಿಬಿದ್ದ ದಿನ ಬೆಂಚಿನ ಮೇಲೆ ನಿಲ್ಲಿಸಿದ್ರು, ಇಳಿ ಅಂದ್ರೂ ಇಳೀಲಿಲ್ಲ ಪುಣ್ಯಾತ್ಮ. ಇಲ್ಲೂ ಅಷ್ಟೇ, ಪ್ರತಿ ತಿಂಗಳು, ನಿನ್ನ ಹದಿನೇಳು ಅಂದ್ರೆ ಕೂಗೋನು ಅವನೇ. ಸತ್ತನೋ ಬದುಕಿದ್ದಾನೋ ಗೊತ್ತಿಲ್ದೆ ರಜೆ ಹಾಕೋ ಹಾಗಿಲ್ಲ ಅಂತಾನೆ. ಈಗ ಅವನಿಗೆ ಆಗಲ್ಲ, ನಿಂದು ನೀನೇ ಬಂದು ಹೇಳ್ಕೋ.

ಹದಿಮೂರು, ರಜೆ. ಹದಿನಾಲ್ಕು, ರಜೆ, ಅವರಿಬ್ಬರೂ ಗಂಡ ಹೆಂಡತಿ ಆಗಿದ್ದರಂತೆ. ಹದಿನೈದು, ಹಾಜರ್. ಜಿರಾಫೆಗೆ ಅವನ ಗುರುತು ಹತ್ತಿಲ್ಲ, ಗಿಲಕಿ ಯಾರಿಗೂ ಹೇಳಿಲ್ಲ, ಅವಳ ಜನ್ಮದಲ್ಲಿ ಒಮ್ಮೆ ಬಾಯಿ ಬಿಗಿಹಿಡಿದಿದ್ದಾಳೆ, ಬಾಗಿಲು ನಾಲ್ಕೇ ಹೆಜ್ಜೆ, ಟೀ ತರುವವನಂತೆ ಎದ್ದು ಹೋಗಿಬಿಡಬಹುದು. ಹದಿನಾರು, ಹಾಜರ್. ಹದಿನೇಳು. ಫ್ಯಾನಿನ ಸದ್ದು. ಮಾನಿಟರು ಪುಸ್ತಕದಿಂದ ತಲೆಯೆತ್ತಲಿಲ್ಲ, ಜನ ಕಾಲು ಸರಿಸಿದರು, ಯಾರೋ ಉಸಿರೆಳೆದುಕೊಂಡರು, ಇನ್ನೇನು ಅಂದುಬಿಡುತ್ತಾರೆ, ರಜೆಯ ರ ಅನ್ನಲು ನಾಲಗೆಗಳು ಮೇಲೇಳುತ್ತಿರುವುದು ಅವನಿಗೆ ಕಾಣುತ್ತದೆ, ಅನ್ನಲಿ, ಅದೇನೂ ಸುಳ್ಳಲ್ಲ — ಆ ತುದಿಯಲ್ಲಿ ಜಿರಾಫೆ ಎದ್ದು ನಿಂತ. ಕೈಯೆತ್ತಿದ. ಬಾಯಿ ತೆರೆದ. ಹಾ ಅನ್ನಲು ಎಷ್ಟು ತೆರೆಯಬೇಕೋ ಅಷ್ಟು, ಏನೂ ಬರಲಿಲ್ಲ, ಮುಚ್ಚಲೂ ಇಲ್ಲ, ಹಾಜರ್! — ಯಾರದು, ಇಷ್ಟು ಕೀರಲು, ತನ್ನದೇ, ತಾನು ಯಾವಾಗ ಎದ್ದದ್ದು, ಕುರ್ಚಿ ಹಿಂದಕ್ಕೆ ಬಿದ್ದದ್ದು ಯಾವಾಗ, ಗಿಲಕಿ ಏನೋ ಕಿರುಚುತ್ತಿದ್ದಾಳೆ, ಒಂದು ಸಿಳ್ಳೆಯೂ ಇಲ್ಲ, ಹದಿನೆಂಟು ಅನ್ನುವುದು ಮಾನಿಟರಿಗೆ ಮರೆತೇಹೋಗಿದೆ, ಎಲ್ಲರೂ ಇತ್ತ ತಿರುಗಿದ್ದಾರೆ, ಜಿರಾಫೆಯೂ, ಎತ್ತಿದ ಕೈ ಎತ್ತಿದಂತೆಯೇ, ಬಾಯಿ ತೆರೆದಂತೆಯೇ, ಮೇಲೆ ಒಂದೂ ಇಲ್ಲ, ಕೆಳಗೆ ಎರಡೇ, ಗುಲಾಬಿ ವಸಡು, ನಡುವೆ ಜ ಅನ್ನಲು ಎದ್ದ ನಾಲಗೆ ಎದ್ದಲ್ಲೇ ನಿಂತಿದೆ, ಆ ಬಾಯಿ, ಬೆಂಚಿನ ಮೇಲೆ ನಿಂತಾಗಲೂ ಹೀಗೇ ತೆರೆದಿತ್ತೇನೋ, ತಿಂಗಳು ತಿಂಗಳೂ ಹೀಗೇ, ತಾನಿಲ್ಲದ ಅಷ್ಟೂ ಭಾನುವಾರ, ಆ ತೆರೆದ ಬಾಯಿ, ಎರಡು ಹಲ್ಲು, ತೆರೆದ ಬಾಯಿ —