ಶರಣವ್ವನ ಭರಣಿಯ ಕುಸುಬಿ ಎಣ್ಣೆ

ವಿಜಾಪುರದ ಕಡೆಯಿಂದ ಶರಣವ್ವ ಮುಂಬಯಿಗೆ ಬಂದಿಳಿದಾಗ ಅವಳ ಕಂಕುಳಲ್ಲಿ ಒಂದು ಭರಣಿಯಿತ್ತು. ಬಟ್ಟೆಯ ಗಂಟನ್ನು ಹಮಾಲನ ತಲೆಗೆ ಹೊರಿಸಿದಳು, ರೊಟ್ಟಿಯ ಬುತ್ತಿಯನ್ನು ಮಗನ ಕೈಗೆ ಕೊಟ್ಟಳು. ಭರಣಿಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಕಾಂದಿವಲಿಯ ಲೋಕಲ್‌ನಲ್ಲಿ ಜನ ಮೈಮೇಲೆ ಬಿದ್ದರೂ, ಬಾಯಿಗೆ ಬಟ್ಟೆ ಕಟ್ಟಿದ ಆ ಭರಣಿ ಅವಳ ಎದೆಗೆ ಒತ್ತಿಕೊಂಡೇ ಇತ್ತು. ಒಳಗಿದ್ದದ್ದು ಕುಸುಬಿ ಎಣ್ಣೆ, ಅವಳದೇ ಹೊಲದ ಕುಸುಬೆ, ಊರ ಗಾಣದಲ್ಲಿ ಅವಳೇ ಮುಂದೆ ನಿಂತು ತೆಗೆಸಿದ್ದು.

ಆ ಎಣ್ಣೆಯ ಹಿಂದೆ ಒಂದು ರಾಮಾಯಣವೇ ಇತ್ತು. ಅವಳ ಮಗ ಈರಣ್ಣ ಫೋರ್ಟಿನ ಒಂದು ಆಫೀಸಿನಲ್ಲಿ ಕಾರಕೂನ. ಮಧ್ಯಾಹ್ನದ ಊಟಕ್ಕೆ ಉಡುಪಿ ಹೋಟೆಲಿಗೆ ಹೋಗಿ ಹೋಗಿ, ಅಲ್ಲಿನ ದೊಡ್ಡ ಅಡುಗೆಯವ ಮೋನಪ್ಪನ ಸಾರಿಗೆ ಮರುಳಾಗಿ, ಕಡೆಗೆ ಮೋನಪ್ಪನ ಮಗಳು ಪ್ರಫುಲ್ಲಾಳನ್ನೇ ಮದುವೆಯಾಗಿಬಿಟ್ಟ. ಊರಿಗೆ ಸುದ್ದಿ ಬಂದದ್ದು ತಾಳಿ ಕಟ್ಟಿದ ಮೇಲೆ. ಶರಣವ್ವ ಮಗನ ಜೊತೆ ಮಾತು ಬಿಟ್ಟಳು, ಅವನ ಹೆಸರೆತ್ತಿದವರ ಜೊತೆಗೂ ಬಿಟ್ಟಳು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನ ಮಾತ್ರ, ಆ ಸಿಟ್ಟನ್ನು ಎಲ್ಲಿಟ್ಟಿದ್ದೆನೆಂದು ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಮುದುಕಿ ನೆಟ್ಟಗೆ ಗಾಣಕ್ಕೆ ಹೋದಳು.

ಆದರೆ ಕಾಂದಿವಲಿಯ ಚಾಳಿನಲ್ಲಿ ಅವಳಿಗಿಂತ ಮೊದಲೇ ಬೀಗತಿ ಶೀಲಾವತಿ ಠಿಕಾಣಿ ಹೂಡಿದ್ದಳು. ಬಾಣಂತನ ತವರಿನವರ ಹಕ್ಕು ತಾನೇ? ಮೋನಪ್ಪ ಹೋಟೆಲಿನಲ್ಲೇ ಮಲಗುವವನು, ರಜೆಯಿದ್ದಾಗ ಮಾತ್ರ ಬರುತ್ತಿದ್ದ. ಶೀಲಾವತಿ ಮಗಳ ಮನೆಯಲ್ಲಿ ರಾಣಿಯಂತೆ ಇದ್ದಳು. ಬೆಳಿಗ್ಗೆ ಖೋಲಿಯ ಮೂಲೆಯ ಮೋರಿಯಲ್ಲಿ, ಅಂದರೆ ಬಚ್ಚಲಲ್ಲಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ತಾನೇ ತೆಂಗಿನ ಹಾಲು ಕಾಯಿಸಿ ತೆಗೆದ ಎಣ್ಣೆಯನ್ನು ಅದರ ಮೈಗೆ ಹಚ್ಚುತ್ತಿದ್ದಳು. ಶರಣವ್ವ ಬಾಗಿಲ ಬಳಿ ಕೂತು ನೋಡುತ್ತಿದ್ದಳು.

"ಇದನ್ನ ಒಂದೀಟು ಹಚ್ಚಿ ನೋಡ್ರಲಾ, ಬೀಗ್ತಿಯವರ," ಎಂದು ಮೊದಲ ದಿನವೇ ಭರಣಿ ಮುಂದಿಟ್ಟಳು. "ಎತ್ತು ಸಾವಕಾಶ ತಿರಗಿ ತಗದದ್ದು. ಅವಸರ ಮಾಡಿದ್ರ ಗಾಣ ಕಾಯ್ತದ, ಎಣ್ಣೀ ಗುಣ ಹೋಗ್ತದ. ಕೂಸಿನ ತೊಗಲು ಬೆಣ್ಣಿ ಆಗ್ತದ ನೋಡ್ರಿ."

ಶೀಲಾವತಿ ಮೂಸಿ ನೋಡಿ ಮೂಗು ಹಿಂದಕ್ಕೆಳೆದುಕೊಂಡಳು. "ಇದಕ್ಕೆ ಒಂದು ವಾಸನೆ ಉಂಟಲ್ಲ ಶರಣಕ್ಕ. ತೊಟ್ಟಿಲ ದಿನ ಬರಲಿ, ನೋಡುವ."

ಕರಾವಳಿಯವರ 'ನೋಡುವ' ಅಂದರೆ ಏನೆಂದು ಶರಣವ್ವನಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳೂ ಬಿಡುವವಳಲ್ಲ. ಊಟಕ್ಕೆ ಕೂತಾಗ ಪಲ್ಯದ ಒಗ್ಗರಣೆಯಲ್ಲಿ ತೆಂಗಿನೆಣ್ಣೆಯ ವಾಸನೆ ಬಂದದ್ದೇ ತಡ, "ನಮ್ಮ ಕಡೆ ಇದನ್ನ ತಲಿಗೆ ಹಚ್ಕೋತಾರ್ರಿ," ಎಂದಳು. ಈರಣ್ಣ ತಲೆ ತಗ್ಗಿಸಿ ಉಂಡ. ಬೀಗತಿಯರದು ಎಣ್ಣೆ ಸೀಗೆಕಾಯಿ ಸಂಬಂಧ ಆಗಿಹೋಯಿತು. ಇಬ್ಬರಿಗೂ ಒಮ್ಮತವಿದ್ದದ್ದು ಒಂದೇ ವಿಷಯದಲ್ಲಿ: ಕೂಸಿನ ಮೈ ಹೊಟ್ಟು ಹೊಟ್ಟಾಗಿ ಸುಲಿಯುತ್ತದೆಂದು ಈರಣ್ಣ ಫೋರ್ಟಿನಿಂದ ಡಬ್ಬಿಯ ಪೌಡರ್ ತಂದಾಗ, ಇಬ್ಬರೂ ಸೇರಿ ಅದನ್ನು ಕಪಾಟಿನ ಮೇಲೆ ಕಣ್ಮರೆ ಮಾಡಿದರು.

ಹೊರಗಿನಿಂದ ನೋಡಿದರೆ ಇದು ಎಣ್ಣೆಯ ಜಗಳ. ಶರಣವ್ವನ ಸಂಕಟ ಬೇರೆ. ಮಗನ ಮದುವೆಗೆ ತಾನು ಇರಲಿಲ್ಲ, ಸೊಸೆಯ ಬಸುರಿಗೆ ಬಂದು ಕೇಳಲಿಲ್ಲ. ಈಗ ಕೂಸಿನ ಮೈ ಮುಟ್ಟದೆ ಊರಿಗೆ ಹೋದರೆ, ತಾನು ಅಜ್ಜಿಯೆಂದು ಆ ಕೂಸಿಗಾದರೂ ಹೇಗೆ ಗೊತ್ತಾಗಬೇಕು? ತೊಟ್ಟಿಲ ಶಾಸ್ತ್ರ ಮುಗಿದ ಮರುದಿನ ಅವಳು ಹೊರಡುವವಳು. ಹೊಲ, ದನ ಕಾಯುತ್ತಿದ್ದವು.

ದಾರಿ ಸಿಕ್ಕಿದ್ದು ಶೀಲಾವತಿಯ ನಿದ್ದೆಯಿಂದ. ಮಧ್ಯಾಹ್ನ ಉಂಡು ಚಾಪೆಯ ಮೇಲೆ ಬಿದ್ದಳೆಂದರೆ ಆ ಹೆಂಗಸು ಗೊರಕೆ ಹೊಡೆಯುವ ರೀತಿಗೆ ಗೋಡೆಯ ಸುಣ್ಣ ಉದುರಬೇಕು. ಪ್ರಫುಲ್ಲಾಳೂ ಪಕ್ಕದಲ್ಲಿ ಮಲಗಿರುತ್ತಿದ್ದಳು. ಶರಣವ್ವ ಗೊರಕೆ ಹದಕ್ಕೆ ಬರುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಆಮೇಲೆ ಮೆಲ್ಲಗೆ ಎದ್ದು, ಭರಣಿಗೆ ಬೆರಳದ್ದಿ, ಅಂಗೈಗಳನ್ನು ಉಜ್ಜಿ ಬಿಸಿಮಾಡಿ, ಕೂಸಿನ ಬೆನ್ನು, ತೊಡೆ, ಕತ್ತಿನ ಮಡಿಕೆಗಳಿಗೆ ತಿಕ್ಕುತ್ತಿದ್ದಳು. ಒಂದು ಕಣ್ಣು ಕೂಸಿನ ಮೇಲೆ, ಒಂದು ಕಣ್ಣು ಚಾಪೆಯ ಕಡೆ. ಕಡೆಗೆ ಹಳೆಯ ಧೋತರದ ಚೂರಿನಿಂದ ಒರೆಸಿ, ವಾಸನೆ ಹಿಡಿಯಬಾರದೆಂದು ಮೇಲೆ ಎರಡು ಹನಿ ತೆಂಗಿನೆಣ್ಣೆ ಸವರುತ್ತಿದ್ದಳು. ಬೀಗತಿಯ ಎಣ್ಣೆಯನ್ನು ಹೊಗಳದಿದ್ದರೂ ಕಳ್ಳತನ ಮುಚ್ಚಲು ಅದೇ ಬೇಕಾಯಿತು!

ಸುಲಿಯುತ್ತಿದ್ದ ಮೈ ನುಣುಪಾಯಿತು. ಕೂಸು ಮಿರಮಿರ ಮಿಂಚತೊಡಗಿತು. ಪಕ್ಕದ ಖೋಲಿಯ ಗಂಗುಬಾಯಿ, ಬೆಳಗಾವಿಯವಳು, ಬಂದು ಬಂದು ಕೂಸಿನ ಕೆನ್ನೆ ಸವರಿ, "ಏನ್ ಹಚ್ತೀರಿ ಬಾಯಿ?" ಎಂದು ಕೇಳುವಳು. ಶೀಲಾವತಿ, "ಎಂತದ್ದೂ ಇಲ್ಲ ಮಾರಾಯ್ತಿ, ನಮ್ಮ ತೆಂಗಿನೆಣ್ಣೆ," ಎನ್ನುವಳು. ಶರಣವ್ವ ಇಕ್ಕಟ್ಟಿಗೆ ಸಿಕ್ಕಳು. ಹೇಳಿದರೆ ಕಳ್ಳಿ, ಹೇಳದಿದ್ದರೆ ಪೆದ್ದಿ. ಅವಳು ಭರಣಿಯಲ್ಲಿ ಉಳಿದದ್ದನ್ನು ತೊಟ್ಟಿಲ ದಿನಕ್ಕೆಂದು ಎತ್ತಿಟ್ಟಳು. ಆ ದಿನವಾದರೂ ಬೀಗತಿ ಮಾತಿಗೆ ತಪ್ಪಲಿಕ್ಕಿಲ್ಲ, ಎಲ್ಲರೆದುರು ಹಚ್ಚಿಯೇ ಹೋಗುತ್ತೇನೆ ಎಂದುಕೊಂಡಳು.

ತೊಟ್ಟಿಲ ದಿನ ಬೆಳಿಗ್ಗೆ ಅವಳು ಈರಣ್ಣನೊಂದಿಗೆ ಹೂವು ತರಲು ಸ್ಟೇಶನ್ ಕಡೆ ಹೋದಳು. ಹಿಂತಿರುಗಿ ಚಾಳಿನ ಮೆಟ್ಟಿಲು ಹತ್ತುವಾಗ ಒಂದು ವಾಸನೆ ಬಂತು. ಊರಿನ ಹಬ್ಬದ ವಾಸನೆ. ಅವಳ ಬಾಯಲ್ಲಿ ನೀರೂರಿತು. ಬುದ್ಧಿ ಬಂದದ್ದು ಆಮೇಲೆ. ಕಾಂದಿವಲಿಯಲ್ಲಿ ಕುಸುಬಿ ಎಣ್ಣೆ ಕಾಯಿಸುವವರು ಯಾರು?

ಓಡಿ ಒಳಗೆ ಬಂದಳು. ಒಲೆಯ ಮುಂದೆ ಮೋನಪ್ಪ. ಮೊದಲ ಲೋಕಲ್‌ಗೇ ಬಂದು, ನೆಂಟರಿಗೆಂದು ಗೋಳಿಬಜೆ ಕರಿಯುತ್ತಿದ್ದಾನೆ. ಬಾಣಲೆಯ ಪಕ್ಕ ಅವಳ ಭರಣಿ ಬೋರಲು ಬಿದ್ದಿದೆ. ಪಾಪ, ಅವನದೇನು ತಪ್ಪು? ಜೀವಮಾನವೆಲ್ಲ ಒಲೆ ಮುಂದೆ ನಿಂತವನಿಗೆ, ಎಣ್ಣೆ ಅಂದರೆ ಕರಿಯುವುದಕ್ಕೇ ಇರುವುದು.

"ಬನ್ನಿ ಬನ್ನಿ ಶರಣಕ್ಕ!" ಎಂದ ಅವನು, ಮುಖವೆಲ್ಲ ಅರಳಿಸಿ. "ಎಂಥ ಎಣ್ಣೆ ಮಾರಾಯ್ರೆ ನಿಮ್ಮದು! ನೊರೆ ಇಲ್ಲ, ಹೊಗೆ ಇಲ್ಲ. ಫೋರ್ಟಿನಲ್ಲಿ ದೀಪ ಹಿಡಿದು ಹುಡುಕಿದ್ರೂ ಸಿಗ್ಲಿಕ್ಕಿಲ್ಲ!"

ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿದಿತ್ತು. ಶರಣವ್ವ ಹೂವಿನ ಪೊಟ್ಟಣ ಕೆಳಗೆ ಹಾಕಿದಳು.

"ಅದು ಕೂಸಿನ ಎಣ್ಣಿ!" ಎಂದು ಕೂಗಿದಳು. "ಅದನ್ನ ಹಾಕಿ ಬಜಿ ಕರದ್ರ್ಯಾ? ದಿನಾ ಮಧ್ಯಾಹ್ನ ಹನಿ ಹನಿ ಹಚ್ಚಿ ಉಳಿಸಿಟ್ಟಿದ್ನೆಲ್ರೀ…"

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಗಂಗುಬಾಯಿ ಶೀಲಾವತಿಯ ಮುಖ ನೋಡಿದಳು. ಪ್ರಫುಲ್ಲಾ ಗಂಡನ ಮುಖ ನೋಡಿದಳು. ಮೋನಪ್ಪನ ಜಾಲರಿ ಸೌಟು ಗಾಳಿಯಲ್ಲೇ ನಿಂತಿತು.

ಶೀಲಾವತಿ ಮಾತ್ರ ಮೋರಿಯ ಬಳಿ ನೀರು ಹದಮಾಡುತ್ತಲೇ ಇದ್ದಳು. "ನನಗೆ ಗೊತ್ತುಂಟು," ಎಂದಳು, ತಿರುಗಿಯೂ ನೋಡದೆ.

"ಏನ್ ಗೊತ್ತ?"

"ಮಧ್ಯಾಹ್ನದ್ದು. ಮೊದಲ ದಿನದಿಂದಲೇ ಗೊತ್ತು. ನಾನು ನಿದ್ದೆ ಮಾಡಿದ್ರೆ ತಾನೇ!"

ಶರಣವ್ವನಿಗೆ ನಂಬಿಕೆಯೇ ಬರಲಿಲ್ಲ. "ಮತ್ತ ಆ ಗೊರಕಿ?"

"ಗೊರಕೆ ಹೊಡೀದಿದ್ರೆ ನೀವು ಏಳ್ತಿದ್ರಾ?" ಶೀಲಾವತಿ ಈಗ ತಿರುಗಿದಳು. ಅವಳ ಮುಖ ನಗುತ್ತಿತ್ತು, ಸ್ವಲ್ಪ ನಾಚಿಕೆಯೂ ಇತ್ತು. "ಮೊದಲ ದಿನ ಮೂಗು ಹಿಡಿದು ಬೇಡ ಅಂದಾಗಿತ್ತು. ಆಮೇಲೆ ಬನ್ನಿ ಅನ್ಲಿಕ್ಕೆ ಬಾಯಿ ಬರಲಿಲ್ಲ. ಹಾಗೇಂತ ನೀವು ದಿನಾ ಆ ಬಾಗಿಲಲ್ಲಿ ಕೂತು ನೋಡುದು, ಅದನ್ನ ನನ್ನಿಂದ ನೋಡ್ಲಿಕ್ಕೂ ಆಗಲಿಲ್ಲ. ಗೊರಕೆ ಹೊಡೆದು ಹೊಡೆದು ನನ್ನ ಗಂಟಲು ಕಟ್ಟಿ ಹೋಗಿದೆ ಶರಣಕ್ಕ. ಬನ್ನಿ, ಇವತ್ತು ನೀವು ಕೂತ್ಕೊಳ್ಳಿ."

ಶರಣವ್ವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಿಟ್ಟು ಮಾಡೋಣವೆಂದರೆ ಅದು ಈ ಸಲವೂ ಕೈಗೆ ಸಿಗಲಿಲ್ಲ. ಸೀರೆ ಎತ್ತಿಕಟ್ಟಿ, ಮೋರಿಯ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಪ್ರಫುಲ್ಲಾ ಕೂಸನ್ನು ತಂದು, "ತಗೊಳ್ಳಿ ಅತ್ತೆ," ಎಂದು ಅವಳ ಕಾಲ ಮೇಲೆ ಮಲಗಿಸಿದಳು. ಪಕ್ಕದಲ್ಲಿದ್ದದ್ದು ತೆಂಗಿನೆಣ್ಣೆಯ ಬಟ್ಟಲೊಂದೇ. ಶರಣವ್ವ ಅದನ್ನು ಮೂಸಿ ಮೂತಿ ತಿರುವಿದಳು. ಆಮೇಲೆ ಅದರಲ್ಲೇ ಬೆರಳದ್ದಿದಳು.

ಇಷ್ಟು ದಿನ ಕಳ್ಳಿಯ ಹಾಗೆ ಗಡಿಬಿಡಿಯಲ್ಲಿ ತಿಕ್ಕಿದ್ದ ಕೈ ಈಗ ಸಾವಕಾಶವಾಗಿ ಓಡಾಡಿತು. ಬೆರಳ ಸಂದು, ಹಿಮ್ಮಡಿ, ಕಿವಿಯ ಹಿಂದೆ. ಕೂಸು ಕೈಕಾಲು ಸಡಿಲಬಿಟ್ಟು ಅಜ್ಜಿಯ ಮುಖವನ್ನೇ ನೋಡುತ್ತಿತ್ತು. ಮಗುಚಿ ಮಲಗಿಸಿದಾಗ, ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಎಳ್ಳುಕಾಳಿನಷ್ಟು ಮಚ್ಚೆ ಕಂಡಿತು.

"ಅಯ್ಯ, ಇಲ್ಲೊಂದು ಮಚ್ಚಿ ಅದ!" ಎಂದಳು.

"ಉಂಟು," ಎಂದಳು ಶೀಲಾವತಿ, ತಂಬಿಗೆ ಎತ್ತಿಕೊಂಡು. "ಹುಟ್ಟಿದ ದಿನವೇ ನೋಡಿದ್ದೆ."

"ನೀವು ನೋಡಿರ್ತೀರಿ ಬಿಡ್ರಿ. ನಾ ಇವತ್ತ ನೋಡಿದೆ."

ಹೇಳುತ್ತಿದ್ದಂತೆ ಅವಳಿಗೆ ಅಳು ಬಂತು. ಗಂಗುಬಾಯಿ, ಮಗ, ಸೊಸೆ, ಬೀಗ ಎಲ್ಲರೆದುರು, ಎಣ್ಣೆಗೈಯಿಂದ ಒರೆಸಿಕೊಳ್ಳಲೂ ಆಗದೆ, ಶರಣವ್ವ ಬಿಕ್ಕಿ ಬಿಕ್ಕಿ ಅತ್ತಳು. ಶೀಲಾವತಿ ತಂಬಿಗೆ ಕೆಳಗಿಟ್ಟು ತನ್ನ ಸೆರಗಿನಿಂದ ಬೀಗತಿಯ ಕಣ್ಣೊರೆಸಿದಳು.

"ಸಾಕ, ಸಾಕ," ಎಂದು ಶರಣವ್ವ ಗದರಿದಳು. "ನೀರ ಹಾಕ್ರಿ. ಕೂಸಿಗೆ ಥಂಡಿ ಆಗ್ತದ."