ಷರಾ ಕಾಲಂ

ಗೋಂದು ಹಚ್ಚಿ, ಫೋಟೋ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹತ್ತು ಎಣಿಸುವುದು. ಬೆಳಗಿನಿಂದ ತುಟಿ ಪಿಟಕ್ಕೆನ್ನದೆ ಅವಳು ಇಪ್ಪತ್ತು ಅರ್ಜಿಗಳಿಗೆ ಇಪ್ಪತ್ತು ಮುಖ ಅಂಟಿಸಿದ್ದಳು. ಕಚೇರಿ ಜಗಲಿಯ ಮೇಲಿನ ಅರ್ಜಿ ಬರೆಯುವ ಮೇಜು ಚಿಕ್ಕಪ್ಪನದು. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿ ಅವಳನ್ನು ತಂದು ಅಲ್ಲಿ ಕೂರಿಸಿದವನೂ ಅವನೇ. ಅವನು ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಹೆಸರು, ವಯಸ್ಸು, ವಿಳಾಸ. ಕಡೆಯದು 'ಷರಾ', ಟಿಪ್ಪಣಿಯ ಕಾಲಂ. ಅಲ್ಲಿ ಏನು ಬರೆಯಬೇಕೆಂದು ಯಾರೂ ಹೇಳುತ್ತಿರಲಿಲ್ಲ.

ಖಾಲಿ ಜಾಗ ಕಂಡರೆ ಕೈ ಸುಮ್ಮನಿರಬೇಕಲ್ಲ! ಬಡಗಿಯ ಅರ್ಜಿಯಲ್ಲಿ ಬರೆದಳು: 'ಶಾಲೆ ಬಿಟ್ಟ ದಿನ ಜಡೆ ಬಿಚ್ಚಿ, ರಿಬ್ಬನ್ನನ್ನು ಸ್ಲೇಟಿಗೆ ಕಟ್ಟಿಟ್ಟೆ.' ಕಂಡಕ್ಟರನ ಅರ್ಜಿಯಲ್ಲಿ: 'ನನಗೆ ಮಾತು ಬರುತ್ತದೆ, ಸರದಿ ಬರುವುದಿಲ್ಲ.' ಹೀಗೆ ಸಂಜೆಯೊಳಗೆ ತನ್ನ ಬದುಕನ್ನೆಲ್ಲ ಒಂದೊಂದೇ ಸಾಲಾಗಿ ಕಂಡವರ ನಲವತ್ತೊಂದು ಅರ್ಜಿಗಳಿಗೆ ಇಳಿಸಿ ಹಗುರಾದಳು.

ಅರ್ಜಿಗಳೆಲ್ಲ ಷರಾ ಸಮೇತ ಮಂಜೂರಾದವು.

ಪೊದೆಮೀಸೆಯ ಬಡಗಿ ಕಾಗದ ಹಿಡಿದು ಓಡಿಬಂದ. "ಏನಮ್ಮಾ ಇದು, ನಾನು ಜಡೆ ಬಿಚ್ಚಿದೆನಂತೆ! ಸೀಲ್ ಬೇರೆ ಹೊಡೆದವ್ರೆ."

"ತಿದ್ದಿಸೋಣ ಬಿಡಿ," ಎಂದ ಚಿಕ್ಕಪ್ಪ, ಅವಳನ್ನು ಕೆಕ್ಕರಿಸಿ ನೋಡುತ್ತ.

"ಅಯ್ಯೋ, ಬೇಡಿ ಸ್ವಾಮಿ! ಇಷ್ಟು ಚೆನ್ನಾಗಿರೋದು ನನ್ನ ಬದುಕಲ್ಲಿ ಯಾವತ್ತು ಆಗಿತ್ತು?" ಬಡಗಿ ಕಾಗದವನ್ನು ಎದೆಗೊತ್ತಿಕೊಂಡ.

ಅವಳು ಪೆನ್ನು ಕೆಳಗಿಟ್ಟಳು. ಆ ಜಡೆ ತನ್ನದು. ಮೊದಲ ಸಲ ಮೇಜು ಬಿಟ್ಟೆದ್ದು ಒಳಗಿನ ಕಿಟಕಿಗೆ ಹೋದಳು. "ಮೇಡಂ, ನನ್ನ ಕಥೆನ ನನ್ನ ಹೆಸರಿಗೆ ಮಾಡಿಕೊಡಿ."

ಗುಮಾಸ್ತೆ ಕಡತ ತಿರುವಿದಳು. "ಶಾಲೆ ಬಿಟ್ಟಿದ್ದು ಬಡಗಿ. ಸರದಿ ಬರದವರು ಕಂಡಕ್ಟರ್. ಜ್ವರದಲ್ಲಿ ಹಾಡು ಕಟ್ಟಿದ್ದು ಬೇಕರಿಯವರು. ಎಲ್ಲಾ ಹಂಚಿಕೆ ಆಗೋಗಿದೆ ತಾಯಿ, ನಿನ್ನ ಪಾಲಿಗೆ ಏನೂ ಉಳಿದಿಲ್ಲ."

"ಅವೆಲ್ಲ ನಾನೇ."

"ಸಾಕ್ಷಿ?"

"ಬಾರೇ ಈಚೆ, ಮಾನ ಕಳೀಬೇಡ," ಎಂದು ಚಿಕ್ಕಪ್ಪ ಬಾಗಿಲಿಂದ ಕೂಗಿದ.

ಅವಳು ಹೋಗಲಿಲ್ಲ. ಕಣ್ಣು ಮುಚ್ಚಿ ನಲವತ್ತೊಂದು ಸಾಲನ್ನೂ ಬಾಯಲ್ಲೇ ಹೇಳತೊಡಗಿದಳು. ಮೊದಲು ನಡುಗಿದ ದನಿ ಹತ್ತನೆಯ ಸಾಲಿಗೆ ಗಟ್ಟಿಯಾಯಿತು. ಇಷ್ಟು ದೊಡ್ಡ ದನಿ ತನ್ನೊಳಗೆ ಎಲ್ಲಿ ಅಡಗಿತ್ತೋ ಎಂದು ಅವಳಿಗೇ ನಗು ಬಂತು.

"ಅದು ನಂದು!" ಎಂದು ಕಿಟಕಿಯ ಮುಂದೆ ಕ್ಯೂ ನಿಂತಿದ್ದ ಕಂಡಕ್ಟರ್ ಕಿರುಚಿದ.

"ಜ್ವರ ನಂದು ಕಣ್ರೀ, ರಸೀದಿ ಇದೆ!" ಎಂದ ಬೇಕರಿಯವನು.

ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂತು. ಗುಮಾಸ್ತೆ ಜಗಳ ಬಿಡಿಸಲು ಎದ್ದಳು. ಹುಡುಗಿ ಈಚೆಯಿಂದ ಕಿಟಕಿಗೆ ಬಾಗಿ, "ಮೇಡಂ, ನನ್ನ ಹೆಸರಿಗೇ ಒಂದು ಖಾಲಿ ಫಾರಂ ಕೊಡಿ," ಎಂದಳು. ಇನ್ನೂ ಜೋರಾಗಿ ಇನ್ನೊಮ್ಮೆ ಹೇಳಿದಳು, "ಒಂದು ಖಾಲಿ ಫಾರಂ ಕೊಡಿ."