ಬೇಲಿಯಾಚೆಯ ಅತಿಥಿ ಗೃಹ

ಮಾಡದಕೆರೆಯಿಂದ ಆಚೆ, ಜಾಲಿಗಿಡಗಳ ನಡುವೆ ಇರುವ ಆ ಹಟ್ಟಿಗೆ ಪರಂಪರೆ ಇದೆ ಎಂದು ಕಂಡುಹಿಡಿದವನು ಚಿತ್ರದುರ್ಗದ ನಾಗಭೂಷಣ. ಅದಕ್ಕೆ ಮುಂಚೆ ಅಲ್ಲಿ ಕುರಿ ಇದ್ದವು, ಮುಳ್ಳುಬೇಲಿ ಇತ್ತು, ದೇವರ ಗುಡಿಸಲಿತ್ತು, ಜನರೂ ಇದ್ದರು. ಪರಂಪರೆ ಇರುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರದ ಅನುದಾನಕ್ಕೆ ಅರ್ಜಿ ಬರೆದುಕೊಡುವುದೇ ನಾಗಭೂಷಣನ ಕಸುಬು. ಖಾದಿ ಜುಬ್ಬ, ಹೆಗಲಿಗೊಂದು ಲ್ಯಾಪ್‌ಟಾಪು, ಮೂರು ಹೊತ್ತೂ ಬಾಯಲ್ಲಿ 'ಅಥೆಂಟಿಕ್' ಎನ್ನುವ ಮಾತು.

ಅವನ ಯೋಜನೆಯ ಪ್ರಕಾರ, ದುರ್ಗದ ಕೋಟೆ ಹತ್ತಿಳಿದ ಪ್ರವಾಸಿಗರು ಸುಸ್ತಾಗಿ ಬಂದು ಈ ಹಟ್ಟಿಯಲ್ಲಿ ಒಂದು ರಾತ್ರಿ ತಂಗುತ್ತಾರಂತೆ. ಹಿರಿಯ ಎತ್ತಪ್ಪ ಗಣೆ ಊದುತ್ತಾನೆ, ಆಳುದ್ದದ ಆ ಕೊಳಲಿನ ನಾದಕ್ಕೆ ಅವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಆಮೇಲೆ ನಾಟಿ ಕೋಳಿ ಸಾರು, ಮುದ್ದೆ. ಅಲ್ಲಿಯವರೆಗೆ ಹೂಂಗುಟ್ಟುತ್ತಿದ್ದ ಎತ್ತಪ್ಪ ಕೋಳಿ ಎಂದ ಕೂಡಲೇ ಎದ್ದು ನಿಂತ.

"ಹಟ್ಟಿಯೊಳಗೆ ಕೋಳಿ ತರಂಗಿಲ್ಲ, ಸ್ವಾಮಿ. ನಮ್ಮ ದೇವ್ರಿಗೆ ಆಗಲ್ಲ."

"ಇದೂ ಅಥೆಂಟಿಕ್ಕೇ," ಎಂದು ನಾಗಭೂಷಣ ಅದನ್ನೂ ಬರೆದುಕೊಂಡ.

ಎತ್ತಪ್ಪನ ಸೊಸೆ, ಮಹಿಳಾ ಸಂಘದ ಅಧ್ಯಕ್ಷೆ ಮೀನಾಕ್ಷಿ ಒಂದು ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಪ್ರವಾಸಿಗರು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ ಅವಳಿಗೆ. ಅವಳ ಕಣ್ಣಿದ್ದದ್ದು ಯೋಜನೆಯಲ್ಲಿದ್ದ ಒಂದೇ ಒಂದು ಸಾಲಿನ ಮೇಲೆ: ಅತಿಥಿಗಳಿಗೆ ಬಾಗಿಲು, ಬಚ್ಚಲು, ಬಿಸಿನೀರು ಇರುವ ಎರಡು ಕೋಣೆ.

ಹಟ್ಟಿಯ ಕಟ್ಟುಪಾಡು ಹೀಗಿತ್ತು. ಮುಟ್ಟಾದ ಹೆಂಗಸು ಮುಳ್ಳುಬೇಲಿಯ ಒಳಗೆ ಇರುವ ಹಾಗಿಲ್ಲ. ಹೆತ್ತವಳೂ ಅಷ್ಟೇ. ಹೊಸದುರ್ಗದ ಆಸ್ಪತ್ರೆಯಲ್ಲಿ ಫ್ಯಾನಿನ ಕೆಳಗೆ ಹೆತ್ತರೂ, ವಾಪಸು ಬಂದಮೇಲೆ ಬೇಲಿಯಾಚೆಯ ಟಾರ್ಪಾಲಿನ ಗುಡಾರವೇ ಗತಿ. ಮೀನಾಕ್ಷಿ ತನ್ನ ಮಗಳನ್ನು ಎದೆಗವಚಿಕೊಂಡು ಅಲ್ಲೇ ಮಳೆಗಾಲ ಕಳೆದಿದ್ದಳು. ನೀರು ಒಳಗೆ ಬಂದಾಗ ಕೂಸನ್ನು ಕುಕ್ಕೆಯಲ್ಲಿಟ್ಟು ಕುಕ್ಕೆಯನ್ನು ತಲೆಯ ಮೇಲೆ ಹೊತ್ತು ನಿಂತದ್ದು ನೆನಪಾದರೆ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು. ಬೇಲಿಯಾಚೆಯ ಹೆಂಗಸಿನ ಸಮಾಚಾರ ತಿಳಿದುಕೊಳ್ಳುವುದು ಬಿಟ್ಟು ದೇವರಿಗೆ ಬೇರೆ ಕೆಲಸ ಇಲ್ಲವೇ ಎಂದು ಅವಳು ಗಂಡನ ಹತ್ತಿರ ಗೊಣಗಿದ್ದುಂಟು. ಗಂಡ ಕಿವಿ ಮುಚ್ಚಿಕೊಂಡು ಕುರಿ ಹೊಡೆದುಕೊಂಡು ಹೋಗಿದ್ದ.

ಈಗ ನಾದಿನಿ ಪಲ್ಲವಿ ಬಸುರಿ. ಬಾಣಂತನಕ್ಕೆ ತವರಿಗೇ ಬರುವವಳು. ಆ ಹುಡುಗಿಯನ್ನು ಟಾರ್ಪಾಲಿನ ಕೆಳಗೆ ಮಲಗಿಸಲಾರೆ ಎಂದು ಮೀನಾಕ್ಷಿ ಶಪಥ ಮಾಡಿದ್ದಳು. ಕಟ್ಟನ್ನು ಮುರಿಯಲು ಹೊರಟರೆ ಹತ್ತು ವರ್ಷ ಪಂಚಾಯ್ತಿಯೇ ಆದೀತು, ಕೂಸು ಅಷ್ಟು ದಿನ ಕಾಯುತ್ತದೆಯೇ? ಅದಕ್ಕೆ ಅವಳು ಮಾವನ ಮುಂದೆ ಮಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತಳು.

"ಮಾವ, ಕಂಡೋರು ಬಂದು ಬೇಲಿಯೊಳಗೆ ಮಲಗೋದು ಚೆಂದಲ್ಲ. ಮೆಟ್ಟು ಹಾಕ್ಕಂಡು ಗುಡಿ ಮುಂದೆ ಓಡಾಡ್ತಾರೆ. ಕೋಣೆ ಹೊರಗೇ ಕಟ್ಟಿಸಾಣ."

ಸೊಸೆಗೆ ಇಷ್ಟು ಭಯಭಕ್ತಿ ಯಾವಾಗ ಬಂತೆಂದು ಎತ್ತಪ್ಪನಿಗೆ ಕಣ್ಣು ತುಂಬಿ ಬಂತು. ಒಪ್ಪಿದ. ಆದರೆ ನಾಗಭೂಷಣ ಒಪ್ಪಲಿಲ್ಲ. ಪ್ರವಾಸಿಗರಿಗೆ ಹಟ್ಟಿಯ ನಡುವೆ ಮಲಗಿದ ಅನುಭವ ಆಗಬೇಕು, ಹೊರಗೆ ಮಲಗುವುದಕ್ಕೆ ಇಷ್ಟು ದೂರ ಯಾಕೆ ಬರಬೇಕು, ಅನುದಾನ ಕೊಡುವ ಸಮಿತಿಯವರು ಅರ್ಜಿಯನ್ನೇ ತಿರಸ್ಕರಿಸುತ್ತಾರೆ ಎಂದ. ಜಾಗ ಯಾವುದೆಂದು ಸಮಿತಿಯೇ ಬಂದು ನೋಡಿ ತೀರ್ಮಾನಿಸಲಿ ಎಂದಾಯಿತು.

ಸಮಿತಿ ಬರುವ ಹಿಂದಿನ ದಿನ ನಾಗಭೂಷಣ ಬಂದು ಬೇಲಿಯ ಸುತ್ತ ಒಂದು ರೌಂಡು ಹೊಡೆದ. "ಆ ಟಾರ್ಪಾಲು ಏನದು? ಫೋಟೋದಲ್ಲಿ ಬಂದರೆ ಮರ್ಯಾದೆ ಹೋಗುತ್ತೆ, ಕೀಳಿಸಿ," ಎಂದ. ಎತ್ತಪ್ಪ ಕೀಳಿಸಿದ. ಗುಡಾರವಿದ್ದ ಕಡೆ ಒಂದು ಹೊಂಗೆಮರ, ಅದರ ಕೆಳಗೆ ಮೂರು ಕಪ್ಪು ಒಲೆಗಲ್ಲು ಉಳಿದವು.

ಮೀನಾಕ್ಷಿಗೆ ಇದ್ದ ಇನ್ನೊಂದು ದಿಗಿಲು ಅತ್ತೆ ಓಬವ್ವ. ಹೊರಗಿನ ಹೆಂಗಸು ಯಾರೇ ಬಂದರೂ ಬೇಲಿಯ ಬಾಗಿಲಲ್ಲಿ ತಡೆದು ಒಂದು ಪ್ರಶ್ನೆ ಕೇಳದೆ ಒಳಗೆ ಬಿಡುವವಳಲ್ಲ ಆಕೆ. ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮನನ್ನೂ ಬಿಟ್ಟಿರಲಿಲ್ಲ, ಓಟು ಕೇಳಲು ಬಂದವರನ್ನೂ ಬಿಟ್ಟಿರಲಿಲ್ಲ. ಸಮಿತಿಯ ಮುಖ್ಯಸ್ಥೆ ಒಬ್ಬ ಮೇಡಂ ಎಂದು ತಿಳಿದಾಗಿನಿಂದ ಮೀನಾಕ್ಷಿಗೆ ನಿದ್ದೆ ಇರಲಿಲ್ಲ.

"ಅತ್ತೆ, ನಾಳೆ ಒಂದಿನ ಹೊಸದುರ್ಗದ ಸಂತೆಗೆ ಹೋಗಿ ಬರ್ರಿ."

"ಸಂತೆ ಇರದು ನಾಳೆ ಅಲ್ಲ. ನನಗೇನು ತಲೆ ಕೆಟ್ಟೈತಾ?" ಎಂದಳು ಓಬವ್ವ.

ಮರುದಿನ ಜೀಪು ಬಂತು. ನಾಲ್ಕು ಜನ ಗಂಡಸರು, ಒಬ್ಬ ಮೇಡಂ. ಹೆಸರು ದೇವಿಕಾ, ಕತ್ತರಿಸಿದ ಕೂದಲು, ಕಾಟನ್ ಸೀರೆ, ಸಿಡುಕು ಮೋರೆ. ನಾಗಭೂಷಣ ಹಾರ ಹಿಡಿದು ಓಡಿದ, ಎತ್ತಪ್ಪ ಗಣೆ ಹಿಡಿದು ನಿಂತ. ಅಷ್ಟರಲ್ಲಿ ಬೇಲಿಯ ಬಾಗಿಲಿಗೆ ಓಬವ್ವ ಅಡ್ಡ ಬಂದು ನಿಂತಳು.

"ಅವ್ವಾ, ಬೇಜಾರ್ ಮಾಡ್ಕಬ್ಯಾಡ್ರಿ. ನೀವು ಮುಟ್ಟಾಗಿಲ್ಲ ತಾನೆ?"

ನಾಲ್ಕೂ ಗಂಡಸರು ಒಟ್ಟಿಗೆ ಆಕಾಶ ನೋಡಿದರು. ನಾಗಭೂಷಣ ಕೈಯಲ್ಲಿದ್ದ ಹಾರವನ್ನು ತನ್ನ ಕೊರಳಿಗೇ ಹಾಕಿಕೊಳ್ಳುವವನ ಹಾಗೆ ತಡಬಡಿಸಿದ. ಹೋಯಿತು, ಕೋಣೆ ಹೋಯಿತು, ಪಲ್ಲವಿಗೆ ಗುಡಾರವೂ ಇಲ್ಲದ ಹಾಗಾಯಿತು ಎಂದುಕೊಂಡಳು ಮೀನಾಕ್ಷಿ.

ದೇವಿಕಾ ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆಳಗಿನಿಂದ ಹೊಟ್ಟೆನೋವು, ಜೀಪಿನ ಕುಲುಕಾಟ, ಪಕ್ಕದಲ್ಲಿ ಕೂತು ಹಾದಿಯುದ್ದಕ್ಕೂ ಅಂಕಿಅಂಶ ಒದರಿದ ಸಹೋದ್ಯೋಗಿ, ಇವೆಲ್ಲ ಸೇರಿ ಅವಳಿಗೆ ಸುಳ್ಳು ಹೇಳುವ ತಾಳ್ಮೆಯೂ ಉಳಿದಿರಲಿಲ್ಲ.

"ಹೌದಮ್ಮ. ನಿನ್ನೆಯಿಂದ."

"ಸತ್ಯ ಹೇಳಿದ್ರಿ, ಒಳ್ಳೇದಾತು. ಆ ಮರದ ಕೆಳಗೆ ಕುಂತ್ಕಳ್ರಿ, ಊಟ ಅಲ್ಲಿಗೇ ತರ್ತಾರೆ," ಎಂದಳು ಓಬವ್ವ. ಗಂಡಸರ ಕಡೆ ತಿರುಗಿ, "ನೀವು ಬರ್ರಪ್ಪ," ಎಂದು ದಾರಿ ಬಿಟ್ಟಳು.

ಗಂಡಸರು ಮೆಟ್ಟು ಕಳಚಿ ಒಳಗೆ ಹೋದರು. ಒಳಗಿನಿಂದ ಕುರಿಮಾಂಸದ ಘಮ ಬರುತ್ತಿತ್ತು, ಕರ್ತವ್ಯ ಮುಖ್ಯ ನೋಡಿ. ಮೀನಾಕ್ಷಿ ಒಳಗೂ ಹೋಗದೆ ಹೊರಗೂ ನಿಲ್ಲದೆ ಅರೆಗಳಿಗೆ ಒದ್ದಾಡಿ, ಕೊನೆಗೆ ಹೊಂಗೆಮರದ ಕೆಳಗೆ ಹೋಗಿ ಮೇಡಂ ಪಕ್ಕದಲ್ಲೇ ಕೂತಳು.

"ನನ್ನನ್ನ ಮುಟ್ಟಿದರೆ ನಿಮ್ಮನ್ನೂ ಒಳಗೆ ಬಿಡಲ್ಲ ಅಲ್ವಾ?" ಎಂದಳು ದೇವಿಕಾ.

"ತಲೆ ಮೇಲೆ ನೀರು ಸುರ್ಕಂಡ್ರೆ ಬಿಡ್ತಾರೆ, ಬಿಡ್ರಿ."

ದೇವಿಕಾ ಸುತ್ತ ಕಣ್ಣಾಡಿಸಿದಳು. "ಟಾಯ್ಲೆಟ್ ಎಲ್ಲಿದೆ?"

ಮೀನಾಕ್ಷಿ ಜಾಲಿಪೊದೆಯ ಕಡೆ ಕೈ ತೋರಿಸಿದಳು. ದೇವಿಕಾ ಹೋಗಿ, ಸೀರೆಗೆ ಮುಳ್ಳು ಮೆತ್ತಿಸಿಕೊಂಡು, ಕೆಂಡದಂತೆ ಕಾದ ಮೋರೆಯಲ್ಲಿ ವಾಪಸು ಬಂದಳು.

"ಮುಟ್ಟಾದಾಗ ನೀವೆಲ್ಲ ಎಲ್ಲಿರ್ತೀರ?"

"ಇಲ್ಲೇ. ಹೆತ್ತಾಗ್ಲೂ ಇಲ್ಲೇ."

"ಇಲ್ಲೇನಿದೆ?"

"ಟಾರ್ಪಾಲಿತ್ತು ಮೇಡಂ. ನೀವು ಬರ್ತೀರಂತ ನಿನ್ನೆ ಕಿತ್ತುಹಾಕಿದ್ರು."

ಗಂಡಸರು ಹಲ್ಲಿಗೆ ಕಡ್ಡಿ ಹಾಕುತ್ತ ಹೊರಗೆ ಬಂದಾಗ ದೇವಿಕಾ ಕೂತಲ್ಲಿಂದಲೇ, "ಕೋಣೆ ಇಲ್ಲೇ ಕಟ್ಟಬೇಕು. ಈ ಮರದ ಪಕ್ಕ. ಮೊದಲು ಬಚ್ಚಲು," ಎಂದಳು.

"ಮೇಡಂ, ಪ್ರವಾಸಿಗರ ದೃಷ್ಟಿಯಿಂದ ನೋಡಿದರೆ..." ಎಂದು ನಾಗಭೂಷಣ ಶುರುಮಾಡಿದ.

"ಇವತ್ತು ಇಲ್ಲಿಗೆ ಬಂದ ಪ್ರವಾಸಿ ನಾನೇ ತಾನೆ? ನನ್ನ ದೃಷ್ಟಿಯಿಂದಲೇ ಹೇಳ್ತಿದೀನಿ."

ಕೋಣೆಗಳು ಎದ್ದವು. ಹಂಚಿನ ಸೂರು, ಸೋಲಾರ್ ಬಿಸಿನೀರು, ಒಳಚಿಲಕದ ಬಾಗಿಲು. ಗೋಡೆಯ ಮೇಲೆ ಗಣೆ ಊದುವ ಎತ್ತಪ್ಪನ ಚಿತ್ರ ಬರೆಸಿ, 'ಪಾರಂಪರಿಕ ಅತಿಥಿ ಗೃಹ' ಎಂದು ಬೋರ್ಡು ಹಾಕಿದರು. ಗೋಡೆಯ ಬಣ್ಣ ಆರುವ ಮುಂಚೆಯೇ ಪಲ್ಲವಿ ಗಂಡುಕೂಸಿನೊಂದಿಗೆ ಬಂದು ಮೊದಲ ಕೋಣೆ ಹಿಡಿದಳು. ಎರಡನೆಯದರಲ್ಲಿ ಹಟ್ಟಿಯ ಹೆಂಗಸರು ಸರದಿಯ ಮೇಲೆ. ಪ್ರವಾಸಿಗರು ಫೋನು ಮಾಡಿದರೆ ಮೀನಾಕ್ಷಿ, "ರೂಮು ಖಾಲಿ ಇಲ್ಲ, ಮುಂದಿನ ತಿಂಗಳು ನೋಡ್ರಿ," ಎನ್ನುತ್ತಿದ್ದಳು. ಮುಂದಿನ ತಿಂಗಳೂ ಖಾಲಿ ಇರುತ್ತಿರಲಿಲ್ಲ. ವರ್ಷಪೂರ್ತಿ ಭರ್ತಿಯಾಗಿರುವ ಅತಿಥಿ ಗೃಹ ಜಿಲ್ಲೆಯಲ್ಲೇ ಇದೊಂದು ಎಂದು ನಾಗಭೂಷಣ ಹಿರಿಯೂರು, ಹೊಳಲ್ಕೆರೆಗಳಲ್ಲೆಲ್ಲ ಭಾಷಣ ಮಾಡಿಕೊಂಡು ತಿರುಗಿದ.

ಒಂದು ಸಂಜೆ ಪಲ್ಲವಿಯ ಕೋಣೆಯಲ್ಲಿ ಮೀನಾಕ್ಷಿ ಕೂಸಿಗೆ ನೀರೆರೆಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಓಬವ್ವ. ಕಂಕುಳಲ್ಲಿ ಒಂದು ಬಟ್ಟೆಗಂಟು. ಕೂದಲು ಪೂರ್ತಿ ಬೆಳ್ಳಗೆ, ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು.

"ಏನತ್ತೆ?"

"ಮುಟ್ಟಾಗೀನಿ," ಎಂದಳು ಓಬವ್ವ, ಎತ್ತಲೋ ನೋಡುತ್ತ.

ಪಲ್ಲವಿ ಸೆರಗು ಬಾಯಿಗೆ ತುರುಕಿಕೊಂಡಳು. ಮೀನಾಕ್ಷಿ ನಗಲಿಲ್ಲ. "ಮಾವಂಗೆ ಹೇಳಿದ್ರಾ?"

"ಹೇಳ್ದೆ. ಅವ್ನು ಯಾವತ್ತು ಬಾಯಿ ಬಿಟ್ಟು ಕೇಳ್ಯಾನು ಅದನ್ನ?"

ಓಬವ್ವ ಒಳಗೆ ಬಂದು ಗೋಡೆ ಸವರಿದಳು, ಚಿಲಕ ಹಾಕಿ ತೆಗೆದು ನೋಡಿದಳು, ಮೊಮ್ಮಗನ ಬೆಚ್ಚಗಿನ ಕಾಲು ಮುಟ್ಟಿದಳು. "ನಾನು ಹೆತ್ತಿದ್ದು ಐದು. ಮೊದಲನೇದು ಆ ಮರದ ಕೆಳಗೆ ಸೆಟೆದು ಹೋತು, ಚಳಿಗೆ," ಎಂದಳು, ಇನ್ಯಾರದೋ ಸುದ್ದಿ ಹೇಳುವ ಹಾಗೆ.

ಹಟ್ಟಿಯ ಬಾಗಿಲು ಕಾದ ಈ ಮುದುಕಿಯ ಮೇಲೆ ಮೀನಾಕ್ಷಿ ಇಷ್ಟು ವರ್ಷ ಕಟ್ಟಿಕೊಂಡಿದ್ದ ಸಿಟ್ಟು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳು ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿ, ಬಕೀಟು ತುಂಬಲು ಬಿಟ್ಟಳು.

"ಬರ್ರಿ ಅತ್ತೆ. ಬೆನ್ನು ಉಜ್ತೀನಿ."